ಬೆಟ್ಟ ಹತ್ತೋ ಕಾಲಿಗೂ ಒಂದು ಬೆಲೆ ಇರಲಿ

ರಜೆ ಬರ್ತಿದೆ. ‘ಈ ಸಲ ಸಕಲೇಶಪುರದ ಕಡೆ ಹೋಗೋಣ, ಒಂದು ಬೆಟ್ಟ ಹತ್ತೋಣ’ ಅಂತ ಮನೆಯಲ್ಲಿ ಮಾತು ಶುರುವಾಗಿದೆ. ಯಜಮಾನರಿಗೆ ಶೂ ಇದೆ. ಮಗನಿಗೆ ಮೂರು ಸಾವಿರದ್ದು ಬಂತು. ಮಗಳು ತನಗೆ ಬೇಕಾದ ಬಣ್ಣದ್ದನ್ನೇ ಹಟ ಮಾಡಿ ತರಿಸಿಕೊಂಡಳು. ನಿಮಗೆ? ‘ನಂಗ್ಯಾಕೆ ಬಿಡ್ರಿ, ವರ್ಷಕ್ಕೊಂದು ದಿನ ಹತ್ತೋಕೆ. ಮಗನ ಹಳೇ ಶೂ ಇದೆಯಲ್ಲ, ಎರಡು ಜೊತೆ ಸಾಕ್ಸ್ ಹಾಕ್ಕೊಂಡ್ರೆ ಸರಿಹೋಗತ್ತೆ’ ಅಂದಿರಿ. ಹೌದು ತಾನೇ?

ತೊಂದರೆ ಇರೋದೇ ಅಲ್ಲಿ. ಆ ದಿನ ಎಲ್ಲರಿಗಿಂತ ಮೊದಲು ಎದ್ದು ಚಿತ್ರಾನ್ನ ಕಲಸಿ, ಬುತ್ತಿ ಕಟ್ಟಿ, ನೀರಿನ ಬಾಟಲಿ ತುಂಬಿಸಿ, ಬೆಟ್ಟದ ಬುಡದಲ್ಲಿ ಆ ಬ್ಯಾಗನ್ನು ಹೆಗಲಿಗೇರಿಸಿಕೊಳ್ಳುವವರು ನೀವು. ಮನೆಮಂದಿಯಲ್ಲೆಲ್ಲಾ ಕೆಟ್ಟ ಶೂ ನಿಮ್ಮದು, ಹೆಚ್ಚು ಭಾರವೂ ನಿಮ್ಮದೇ. ಅರ್ಧ ದಾರಿಗೆ ಹಿಮ್ಮಡಿ ಸುಲಿದು, ‘ನೀವು ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ’ ಅಂತ ಕಲ್ಲಿನ ಮೇಲೆ ಕೂತುಬಿಡುವವರೂ ನೀವೇ. ಆಮೇಲೆ ಮನೆಯವರು ಹೇಳೋದೇನು? ‘ಅಮ್ಮನ ಕೈಲಿ ಆಗಲ್ಲ.’ ಅಮ್ಮನ ಕೈಲಿ ಆಗಲ್ಲ ಅಂತಲ್ಲ, ಅಮ್ಮನ ಕಾಲಿಗೆ ಸರಿಯಾದ ಶೂ ಇರಲಿಲ್ಲ!

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ವರ್ಷಕ್ಕೆ ಎರಡೇ ಸಲ ಬೆಟ್ಟ ಹತ್ತುವವರಾದರೂ ಸರಿ, ನಿಮ್ಮ ಕಾಲಿಗೆ ಅಳೆದು ತಂದ, ನಿಮ್ಮದೇ ಆದ ಒಂದು ಜೊತೆ ಹಗುರ ಶೂ ನಿಮಗೆ ಬೇಕು. ಅದು ಸೋಗಲ್ಲ, ದುಂದೂ ಅಲ್ಲ.

ಬರಿಗಾಲೇ ವಾಸಿ ಅಲ್ವಾ?

ಈ ಪ್ರಶ್ನೆ ಬಂದೇ ಬರುತ್ತೆ. ‘ನಮ್ಮಜ್ಜಿ ಮಾವಿನಕೆರೆ ಬೆಟ್ಟಾನ ಬರಿಗಾಲಲ್ಲಿ ಹತ್ತುತ್ತಿದ್ರು’ ಅಂತ ಹೊಳೆನರಸೀಪುರದ ಕಡೆಯವರು ಹೇಳಿಯೇ ಹೇಳುತ್ತಾರೆ. ನಿಜ. ಆದರೆ ಅಜ್ಜಿ ದಿನವಿಡೀ ಗದ್ದೆ, ಕಣ, ಕೊಟ್ಟಿಗೆಯಲ್ಲಿ ಬರಿಗಾಲಲ್ಲೇ ಓಡಾಡಿದವರು. ಅವರ ಅಂಗಾಲು ಚರ್ಮದ ಅಟ್ಟೆಯಂತೆ ಗಟ್ಟಿಯಾಗಿತ್ತು. ಟೈಲ್ಸ್ ನೆಲದ ಮೇಲೆ, ಅದೂ ಮನೆಯೊಳಗಿನ ಮೆತ್ತನೆ ಚಪ್ಪಲಿ ಹಾಕಿಕೊಂಡು ಓಡಾಡುವ ನಮ್ಮ ಕಾಲು ಒಂದೇ ದಿನದಲ್ಲಿ ಅಜ್ಜಿಯ ಕಾಲಾಗಿಬಿಡುತ್ತಾ?

ಹಾಗಂತ ಬರಿಗಾಲಲ್ಲಿ ಹೋಗಬೇಕಾದ ಕಡೆ ಹೋಗಲೇಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲೇ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಪಾದರಕ್ಷೆ ಬುಡದಲ್ಲೇ ಬಿಡಬೇಕು. ಅಲ್ಲಿ ಶೂ ಪ್ರಶ್ನೆಯೇ ಇಲ್ಲ, ಹೊತ್ತಿನ ಪ್ರಶ್ನೆ ಇದೆ. ಬೆಳಿಗ್ಗೆ ಒಂಬತ್ತರೊಳಗೆ ಹತ್ತಿ ಇಳಿದುಬಿಡಿ. ಬಿಸಿಲೇರಿದ ಮೇಲೆ ಬಂಡೆ ಕಾದ ಹೆಂಚಾಗುತ್ತೆ. ಒಂದು ಜೊತೆ ದಪ್ಪ ಕಾಲುಚೀಲ ಬ್ಯಾಗಿನಲ್ಲಿರಲಿ. ಸಕ್ಕರೆ ಕಾಯಿಲೆ ಇರುವವರಿಗಂತೂ ಇದನ್ನು ಎರಡು ಸಲ ಹೇಳಬೇಕು. ಆ ಕಾಯಿಲೆಯಲ್ಲಿ ಅಂಗಾಲಿನ ಸ್ಪರ್ಶ ಕಡಿಮೆಯಾಗಿರಬಹುದು. ಸುಟ್ಟದ್ದು ಆ ಕ್ಷಣ ಗೊತ್ತೇ ಆಗಲ್ಲ, ರಾತ್ರಿ ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತೆ. ಅಂಥ ಗಾಯ ಬೇಗ ಮಾಯುವುದೂ ಇಲ್ಲ. ‘ದೇವರ ಬೆಟ್ಟ, ಏನೂ ಆಗಲ್ಲ’ ಅನ್ನುವ ಭಕ್ತಿ ಬೇರೆ, ಕಾಲಿನ ಕಾಳಜಿ ಬೇರೆ. ಎರಡೂ ಜೊತೆಗಿರಲಿ.

ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುವವರದ್ದು ಇನ್ನೊಂದು ಕಥೆ. ಹಾಸನದಿಂದ ಚಾರ್ಮಾಡಿ ಘಾಟಿಯಾಗಲಿ ಶಿರಾಡಿ ಘಾಟಿಯಾಗಲಿ, ನೂರು ಕಿ.ಮೀ. ಮೀರಿದ ದಾರಿ. ಅದರಲ್ಲಿ ಬಹುಪಾಲು ಡಾಂಬರು. ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವವರಿಗೆ ನಾನು ಏನೂ ಹೇಳಲಾರೆ. ಆದರೆ ಹರಕೆ ಇಲ್ಲದೆಯೂ ಹವಾಯಿ ಚಪ್ಪಲಿಯಲ್ಲಿ ಹೊರಡುವವರೇ ಎಷ್ಟೊಂದು ಜನ! ಹವಾಯಿ ಚಪ್ಪಲಿ ಬಿದ್ದುಹೋಗದಂತೆ ಹಿಡಿದುಕೊಳ್ಳಲು ನಿಮ್ಮ ಕಾಲ್ಬೆರಳು ಪ್ರತಿ ಹೆಜ್ಜೆಗೂ ಮುದುಡುತ್ತದೆ. ಸಾವಿರಾರು ಹೆಜ್ಜೆ ಹಾಗೆ ಮುದುಡಿದರೆ ಮೀನಖಂಡ, ಅಂಗಾಲು ಎರಡೂ ಹಿಡಿದುಕೊಳ್ಳದೆ ಇನ್ನೇನು? ಡಾಂಬರು ದಾರಿಗೆ ಗೀರು ಆಳವಿರುವ ಬೆಟ್ಟದ ಶೂ ಬೇಡ, ಮೆತ್ತನೆ ಅಟ್ಟೆಯ ಸಾಧಾರಣ ವಾಕಿಂಗ್ ಶೂ ಸಾಕು.

ಅಳತೆ ನಮ್ಮದಲ್ಲ

‘ನಂಗೆ ಯಾವ ಶೂನೂ ಆಗಿಬರಲ್ಲ, ನನ್ನ ಕಾಲೇ ಸರಿಯಿಲ್ಲ’ ಅನ್ನುವ ಅಕ್ಕಂದಿರಿಗೆ ಒಂದು ಸಮಾಧಾನದ ಸುದ್ದಿ. ಕಾಲು ಸರಿಯಾಗೇ ಇದೆ, ಅಳತೆಯೇ ಪರದೇಶದ್ದು. ಅಂಗಡಿಯಲ್ಲಿ ‘ಐದು, ಆರು’ ಅಂತ ಕೇಳುತ್ತೀರಲ್ಲ, ಅದು ಬ್ರಿಟಿಷರು ತಂದ ಯು.ಕೆ. ಅಳತೆ. ಅವರು ಹೋದರೂ ಅವರ ಅಳತೆಪಟ್ಟಿ ಹೋಗಲಿಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಲ್ಲಿ ಅಳೆದು ನೋಡಿದರು. ಹೊರಬಿದ್ದ ಮುಖ್ಯ ಸಂಗತಿ ಏನು ಗೊತ್ತಾ? ಭಾರತೀಯರ ಪಾದ ಆ ಅಳತೆಗಳಿಗಿಂತ ಅಗಲ. ಇದರ ಆಧಾರದ ಮೇಲೆ ‘ಭಾ’ ಎಂಬ ಹೆಸರಿನ ಭಾರತೀಯ ಅಳತೆ ತರುವ ಪ್ರಸ್ತಾವ 2024ರಲ್ಲಿ ಸುದ್ದಿಯಾಯಿತು. ಹೆಣ್ಣುಮಕ್ಕಳ ಪಾದ ಹನ್ನೊಂದರ ವಯಸ್ಸಿನ ಸುಮಾರಿಗೆ ಭರದಿಂದ ಬೆಳೆದರೆ, ಗಂಡುಮಕ್ಕಳದ್ದು ಹದಿನೈದು-ಹದಿನಾರರಲ್ಲಿ ಅನ್ನುವುದೂ ಅದೇ ಸಮೀಕ್ಷೆಯಲ್ಲಿ ಕಂಡುಬಂತು. ಆರನೇ ಕ್ಲಾಸಿನ ಮಗಳಿಗೆ ಶೂ ಬೇಗ ಬೇಗ ಬಿಗಿಯಾದರೆ ಬೈಯಬೇಡಿ, ತಪ್ಪು ಅವಳದ್ದಲ್ಲ!

ಅಗಲ ಪಾದಕ್ಕೆ ಇಕ್ಕಟ್ಟಾದ ಶೂ ಸಿಕ್ಕಾಗ ನಾವು ಮಾಡೋದೇನು? ಒಂದು ನಂಬರ್ ದೊಡ್ಡದು ತಗೊಳ್ಳೋದು. ಅಗಲ ಸರಿಹೋಯ್ತು, ಆದರೆ ಉದ್ದ ಜಾಸ್ತಿಯಾಗಿ ಹಿಮ್ಮಡಿ ಒಳಗೆ ಕುಣಿಯತೊಡಗುತ್ತೆ. ಕುಣಿದರೆ ಉಜ್ಜುತ್ತೆ, ಉಜ್ಜಿದರೆ ಬೊಬ್ಬೆ. ಮಗನ ಹಳೇ ಶೂ ಕಥೆಯೂ ಇದೇ. ಜೊತೆಗೆ ಆ ಶೂನ ಒಳಮೆತ್ತೆ ಅವನ ಹೆಜ್ಜೆಗೆ, ಅವನ ತೂಕಕ್ಕೆ ಕುಗ್ಗಿ ಕೂತಿರುತ್ತದೆ. ನಿಮ್ಮ ಪಾದ ಅದರಲ್ಲಿ ಬಾಡಿಗೆದಾರ ಅಷ್ಟೆ.

ಇನ್ನೊಂದು ಮಾತು. ಬಸಿರು, ಬಾಣಂತನದ ನಂತರ ಪಾದದ ಕಮಾನು ಸ್ವಲ್ಪ ತಗ್ಗಿ, ಕಾಲು ಉದ್ದ-ಅಗಲ ಆಗುವುದುಂಟು, ಮತ್ತೆ ಹಿಂದಿನಂತಾಗದೆಯೂ ಇರಬಹುದು. ಮದುವೆಗೆ ಮುಂಚೆ ಐದಿತ್ತು ಅಂತ ಈಗಲೂ ಐದೇ ಕೇಳಬೇಡಿ. ಕೂತು ಅಳೆಸಿಕೊಳ್ಳುವುದೂ ಬೇಡ. ನಿಂತು, ಎರಡೂ ಕಾಲು ಅಳೆಸಿ. ಎರಡರಲ್ಲಿ ದೊಡ್ಡದು ಯಾವುದೋ ಅದರ ಅಳತೆಗೆ ಶೂ ತಗೊಳ್ಳಿ.

ಹೆಂಗಸರ ವಿಭಾಗದಲ್ಲಿ ಗುಲಾಬಿ, ನೇರಳೆ ಬಣ್ಣದ ಇಕ್ಕಟ್ಟು ಶೂಗಳೇ ತುಂಬಿದ್ದರೆ ಸಂಕೋಚ ಬೇಡ, ಗಂಡಸರ ಅಥವಾ ದೊಡ್ಡ ಹುಡುಗರ ವಿಭಾಗಕ್ಕೆ ಹೋಗಿ ನಿಮ್ಮ ಅಳತೆಯದ್ದನ್ನು ಹಾಕಿ ನೋಡಿ. ಗಂಡಸರ ಶೂ ಸಾಮಾನ್ಯವಾಗಿ ಮುಂಭಾಗ ಅಗಲವಾಗಿರುತ್ತೆ. ಅಂಗಡಿ ಹುಡುಗ ನಕ್ಕರೆ ನಗಲಿ ಬಿಡಿ. ನಡೆಯೋದು ಅವನಲ್ಲ ತಾನೇ?

ಬೂಟು ಬೇಕಾ, ಹಗುರ ಶೂ ಸಾಕಾ?

ಅಂಗಡಿಯವರು ಮೊದಲು ತೋರಿಸೋದು ಕಣಕಾಲು ಮುಚ್ಚುವ ಎತ್ತರದ ಬೂಟು. ನೋಡೋಕೂ ಭರ್ಜರಿ, ಬೆಲೆಯೂ ಭರ್ಜರಿ. ಬೆನ್ನ ಮೇಲೆ ಹದಿನೈದು ಕಿಲೋ ಹೊತ್ತು ಹಿಮಾಲಯದಲ್ಲಿ ವಾರಗಟ್ಟಲೆ ನಡೆಯುವವರಿಗೆ ಅದು ಸರಿ. ಆದರೆ ಬೆಳಿಗ್ಗೆ ಹತ್ತಿ ಸಂಜೆ ಇಳಿಯುವ ನಮ್ಮ ಬೆಟ್ಟಗಳಿಗೆ? ಕಾಲಲ್ಲಿರುವ ಒಂದು ಕಿಲೋ ಭಾರ ಬೆನ್ನ ಮೇಲಿನ ಹಲವು ಕಿಲೋಗೆ ಸಮ, ಯಾಕೆಂದರೆ ಅದನ್ನು ಪ್ರತಿ ಹೆಜ್ಜೆಗೂ ಎತ್ತಿ ಇಡಬೇಕು. ಅದಕ್ಕೇ ನನ್ನ ಓಟು ‘ಟ್ರೇಲ್ ಶೂ’ಗೆ. ಅಂದರೆ ಓಟದ ಶೂನಂತೆ ಹಗುರ, ಆದರೆ ಅಟ್ಟೆಯಲ್ಲಿ ನಾಲ್ಕರಿಂದ ಆರು ಮಿಲಿಮೀಟರ್‌ನಷ್ಟು ಆಳದ ಗೀರು, ಬೆರಳಿನ ಮುಂದೆ ಕಲ್ಲು ತಾಗದಂತೆ ಗಟ್ಟಿ ರಬ್ಬರಿನ ಕಟ್ಟು ಇರುವಂಥದ್ದು. ಕಣಕಾಲು ಪದೇ ಪದೇ ಉಳುಕುವವರು, ಮೊದಲೇ ಅಲ್ಲಿ ಪೆಟ್ಟಾಗಿರುವವರು ಮಾತ್ರ ವೈದ್ಯರನ್ನು ಕೇಳಿ ಎತ್ತರದ ಬೂಟಿನ ಯೋಚನೆ ಮಾಡಬಹುದು.

ನಮ್ಮ ಜಿಲ್ಲೆಯಲ್ಲಿ ಎರಡು ಬಗೆ ನೆಲ ಇದೆ ನೋಡಿ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಸೀಕೆರೆ ಕಡೆ ಒಣ ಕಲ್ಲು, ಬೋಳು ಬಂಡೆ. ಸಕಲೇಶಪುರ, ಬಿಸಿಲೆ ಕಡೆ ಕೆಸರು, ಪಾಚಿ, ಕೊಳೆತ ಎಲೆ. ಕೆಸರಿನಲ್ಲಿ ಹಿಡಿತ ಕೊಡೋದು ಆಳದ ಗೀರು. ಒದ್ದೆ ಬಂಡೆಯ ಮೇಲೆ ಹಿಡಿತ ಕೊಡೋದು ರಬ್ಬರಿನ ಮೆದುತನ. ಟಿಪ್ಪು ಸುಲ್ತಾನನ ಕಾಲದ ಮಂಜರಾಬಾದ್ ಕೋಟೆಗೆ ಇನ್ನೂರೈವತ್ತರಷ್ಟು ಮೆಟ್ಟಿಲು, ಹತ್ತೋದೇನೋ ಸುಲಭ. ಮಳೆಗಾಲದಲ್ಲಿ ಪಾಚಿಗಟ್ಟಿದ ಅದೇ ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತೆ ನಿಮ್ಮ ಶೂ ಎಂಥದ್ದು ಅಂತ. ಕೊಳ್ಳುವಾಗ ಅಟ್ಟೆಗೆ ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಸ್ವಲ್ಪ ತಗ್ಗಿ ಮತ್ತೆ ಮೇಲೇಳಬೇಕು. ಪ್ಲಾಸ್ಟಿಕ್ ಡಬ್ಬಿ ಥರ ಗಡುಸಾಗಿದ್ದರೆ ಅಲ್ಲೇ ಬಿಟ್ಟುಬನ್ನಿ.

ಅಂಗಡಿಯಲ್ಲಿ ಅವಸರ ಬೇಡ

ಸೀರೆ ಅಂಗಡಿಯಲ್ಲಿ ಎರಡು ಗಂಟೆ ಕೂರುತ್ತೀರಿ. ಶೂ ಅಂಗಡಿಯಲ್ಲಿ ಅರ್ಧ ಗಂಟೆಯಾದರೂ ಕೊಡಿ. ಸಂಜೆ ಹೊತ್ತು ಹೋಗಿ. ದಿನವಿಡೀ ನಿಂತು ಕೆಲಸ ಮಾಡಿದ ಕಾಲು ಆಗ ಸ್ವಲ್ಪ ಊದಿರುತ್ತೆ, ಬೆಟ್ಟದಲ್ಲೂ ಹಾಗೇ ಊದೋದು. ಹಾಕಿಕೊಳ್ಳುವ ಸಾಕ್ಸನ್ನೇ ತಗೊಂಡು ಹೋಗಿ. ಶೂ ಒಳಗಿನ ಮೆತ್ತೆಯನ್ನು ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಕಿರುಬೆರಳು ಅಂಚಿನಿಂದ ಹೊರಗೆ ಚಾಚಿದರೆ ಆ ಶೂ ನಿಮಗಲ್ಲ, ಎಷ್ಟೇ ರಿಯಾಯಿತಿ ಇರಲಿ. ಶೂ ಹಾಕಿ ನಿಂತಾಗ ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಉಳಿಯಬೇಕು.

ಆ ಜಾಗ ಯಾಕೆ ಅಂತೀರಾ? ಹತ್ತೋದಕ್ಕಲ್ಲ, ಇಳಿಯೋದಕ್ಕೆ. ಕುಮಾರಪರ್ವತ 1,712 ಮೀಟರ್ ಎತ್ತರ. ಸೋಮವಾರಪೇಟೆ ಕಡೆಯಿಂದ ಹತ್ತಿದರೂ ಕುಕ್ಕೆ ಕಡೆಯಿಂದ ಹತ್ತಿದರೂ ಗಂಟೆಗಟ್ಟಲೆ ಇಳಿಜಾರು ಇದ್ದದ್ದೇ. ಆಗ ಮೈಭಾರವೆಲ್ಲ ಮುಂದಕ್ಕೆ ಬಂದು ಬೆರಳು ಶೂ ತುದಿಗೆ ಗುದ್ದುತ್ತಲೇ ಇರುತ್ತದೆ. ಉಗುರು ಕಪ್ಪಗಾಗಿ, ಆಮೇಲೆ ಬಿದ್ದುಹೋಗೋದು ಇದರಿಂದಲೇ. ಅಂಗಡಿಯಲ್ಲಿ ಮೆಟ್ಟಿಲಿದ್ದರೆ ನಾಲ್ಕು ಸಲ ಇಳಿದು ನೋಡಿ. ಬೆರಳು ತಾಗಿದರೆ ಬೇಡ. ಹಿಮ್ಮಡಿ ಮೇಲೆದ್ದರೂ ಬೇಡ. ‘ಹಾಕ್ತಾ ಹಾಕ್ತಾ ಸಡಿಲ ಆಗತ್ತೆ ಮೇಡಂ’ ಅನ್ನುವ ಮಾತು ಚರ್ಮದ ಶೂಗೆ ಒಂದಿಷ್ಟು ನಿಜ, ಈಗಿನ ಬಟ್ಟೆ-ಪ್ಲಾಸ್ಟಿಕ್ ಶೂಗೆ ಅಷ್ಟೇನೂ ನಿಜವಲ್ಲ. ಮೊದಲ ದಿನ ನೋಯಿಸಿದ್ದು ಹತ್ತನೇ ದಿನವೂ ನೋಯಿಸುತ್ತೆ.

ಕಾಲುಂಗುರವನ್ನು ಮರೆತೀರಿ!

ಶೂ ಬಗ್ಗೆ ಬರೆಯುವವರು ಯಾರೂ ಹೇಳದ ವಿಷಯ ಇದು. ಎರಡನೇ ಬೆರಳಿಗೆ ದಪ್ಪ ಬೆಳ್ಳಿ ಕಾಲುಂಗುರ ಇದ್ದರೆ, ಬಿಗಿ ಶೂನಲ್ಲಿ ಅದು ಪಕ್ಕದ ಬೆರಳನ್ನು ಒತ್ತುತ್ತಲೇ ಇರುತ್ತದೆ. ಎರಡು ಗಂಟೆಯ ನಡಿಗೆಗೆ ಗಾಯವಾಗದೆ ಇರದು. ಜೊತೆಗೆ ನಡೆದಂತೆ ಬೆರಳು ಊದಿದರೆ ಉಂಗುರ ಬಿಗಿದುಕೊಳ್ಳುತ್ತೆ. ಆದ್ದರಿಂದ ಕಾಲುಂಗುರ ಹಾಕಿಕೊಂಡೇ ಶೂ ಹಾಕಿ ನೋಡಿ. ತೆಗೆಯುವ ಅಭ್ಯಾಸ ಇರುವವರು ಆ ದಿನ ತೆಗೆದಿಡಬಹುದು. ತೆಗೆಯಲು ಮನಸ್ಸಿಲ್ಲದವರು ತೆಳುವಾದದ್ದು, ಮುತ್ತು-ಗೆಜ್ಜೆ ಇಲ್ಲದ್ದು ಹಾಕಿಕೊಳ್ಳಿ, ಅದರ ಸುತ್ತ ಸ್ವಲ್ಪ ಮೆತ್ತನೆ ಟೇಪು ಸುತ್ತಿ. ಗೆಜ್ಜೆ ಕಾಲುಚೈನು ಮಾತ್ರ ಮನೆಯಲ್ಲೇ ಇರಲಿ.

ಸೀರೆಯಲ್ಲೇ ಹತ್ತುವವರು ಒಂದಷ್ಟು ಮೇಲಕ್ಕೆ ಕಟ್ಟಿ, ಶೂ ಲೇಸಿಗೆ ಎರಡು ಗಂಟು ಹಾಕಿ ತುದಿಗಳನ್ನು ಒಳಗೆ ಸಿಕ್ಕಿಸಿ. ಲೇಸಿನ ಕುಣಿಕೆಗೆ ಸೀರೆಯ ಅಂಚು ಸಿಕ್ಕಿಕೊಂಡು ಮುಗ್ಗರಿಸುವುದು ತಪ್ಪುತ್ತೆ.

ಮಳೆ, ಇಂಬಳ ಮತ್ತು ‘ವಾಟರ್‌ಪ್ರೂಫ್’

‘ನೀರು ಒಳಗೆ ಹೋಗಲ್ಲ’ ಅಂತ ಒಂದೆರಡು ಸಾವಿರ ಹೆಚ್ಚಿಗೆ ಕೇಳುವ ಶೂಗಳಿವೆ. ಇಬ್ಬನಿ ಹುಲ್ಲಿಗೆ, ಸಣ್ಣ ಹನಿಗೆ ಅದು ಸರಿ. ಆದರೆ ಬಿಸಿಲೆಯ ಮಳೆ ಸಣ್ಣ ಹನಿಯೇ? ಕಾಲಿನ ಮೇಲಿನಿಂದಲೇ ನೀರು ಇಳಿದು ಶೂ ಒಳಗೆ ತುಂಬುತ್ತೆ. ಒಳಗೆ ಬಿಡದ ಶೂ ಹೊರಗೂ ಬಿಡಲ್ಲ! ಆಮೇಲೆ ದಿನವಿಡೀ ಎರಡು ಚೊಂಬು ನೀರಿನಲ್ಲಿ ಕಾಲಿಟ್ಟು ನಡೆದ ಹಾಗೆ. ಅದಕ್ಕಿಂತ ನೀರು ಬಂದ ಹಾಗೇ ಹರಿದುಹೋಗಿ ಬೇಗ ಒಣಗುವ ಜಾಲರಿ ಶೂ ಮಲೆನಾಡಿಗೆ ವಾಸಿ. ಹತ್ತಿ ಸಾಕ್ಸ್ ಮಾತ್ರ ಬೇಡ. ಹತ್ತಿ ನೀರು ಕುಡಿದು ಬಿಡುವುದೇ ಇಲ್ಲ, ಚರ್ಮ ನೆನೆದು ಬೊಬ್ಬೆ ಬರುತ್ತೆ. ಉಣ್ಣೆಯ ಅಥವಾ ನೈಲಾನ್-ಪಾಲಿಯೆಸ್ಟರ್ ಬೆರಕೆಯ ಸಾಕ್ಸ್ ಇರಲಿ, ಇನ್ನೊಂದು ಒಣ ಜೊತೆ ಪ್ಲಾಸ್ಟಿಕ್ ಚೀಲದಲ್ಲಿರಲಿ.

ಇಂಬಳಕ್ಕೆ ಯಾವ ಶೂನೂ ತಡೆಯಲ್ಲ. ಲೇಸಿನ ತೂತಿನಿಂದಲೂ ನುಸುಳುತ್ತೆ. ಪ್ಯಾಂಟಿನ ಮೇಲಿಂದ ಮೊಣಕಾಲಿನವರೆಗೆ ಎಳೆದು ಕಟ್ಟುವ ಒತ್ತುನೇಯ್ಗೆಯ ಬಟ್ಟೆ ಚೀಲ ಸಿಗುತ್ತೆ, ಮನೆಯಲ್ಲೂ ಹೊಲಿಯಬಹುದು. ಕಚ್ಚಿದರೆ ಗಾಬರಿ ಬೇಡ. ಉಗುರಿನಿಂದ ಪಕ್ಕಕ್ಕೆ ಜಾರಿಸಿ ತೆಗೆಯಿರಿ. ರಕ್ತ ಹೆಪ್ಪುಗಟ್ಟದಂತೆ ಅದು ಏನೋ ಬಿಟ್ಟಿರುತ್ತದೆ, ಅದಕ್ಕೇ ಸ್ವಲ್ಪ ಹೊತ್ತು ಸೋರೋದು. ತೊಳೆದು ಒತ್ತಿ ಹಿಡಿದರೆ ನಿಲ್ಲುತ್ತೆ.

ಬಾಳಿಕೆ ಬರಬೇಕಾದ್ರೆ

‘ಕಾಸು ಕೊಟ್ಟು ತಂದು ಬೀರುವಿನಲ್ಲಿಟ್ಟೆ, ಎರಡು ವರ್ಷಕ್ಕೆ ತೆಗೆದರೆ ಅಟ್ಟೆಯೇ ಕಿತ್ತು ಬಂತು’ ಅನ್ನುವ ದೂರು ಬಹಳ ಕೇಳಿರುತ್ತೀರಿ. ಕೆಲವು ಶೂಗಳ ನಡು ಅಟ್ಟೆ ಪಾಲಿಯುರೆಥೇನ್ ಅನ್ನುವ ವಸ್ತುವಿನದು. ಗಾಳಿಯ ತೇವಕ್ಕೆ ಅದು ನಿಧಾನವಾಗಿ ಪುಡಿಯಾಗುತ್ತಾ ಹೋಗುತ್ತದೆ, ಅದೂ ಹಾಕದೆ ಇಟ್ಟರೆ! ಆದ್ದರಿಂದ ‘ಬೆಟ್ಟಕ್ಕೇ ಇರಲಿ’ ಅಂತ ಎತ್ತಿಡಬೇಡಿ. ಬೆಳಗಿನ ವಾಕಿಂಗಿಗೂ, ಹೇಮಾವತಿ ದಡಕ್ಕೋ ಕೊಣನೂರಿನ ತೂಗುಸೇತುವೆಗೋ ಹೋಗುವಾಗಲೂ ಹಾಕಿ. ಹಾಕಿದಷ್ಟೂ ಹೇಗೆ ತಗ್ಗುತ್ತೆ ನೋಡಿ ಒಂದು ಸಲದ ಖರ್ಚು.

ನೆನೆದ ಶೂನ ಒಳಮೆತ್ತೆ ತೆಗೆದು, ಹಳೇ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿ, ಕಾಗದ ಒದ್ದೆಯಾದಂತೆ ಬದಲಾಯಿಸಿ. ಒಲೆಯ ಮೇಲಿನ ಅಟ್ಟಕ್ಕೋ ಸುಡುಬಿಸಿಲಿಗೋ ಇಟ್ಟರೆ ಅಂಟು ಬಿಡುತ್ತೆ. ಇನ್ನೊಂದು ಉಪಾಯ: ಶೂ ಕಾಲಿಗೆ ಒಗ್ಗಿದೆ ಅಂತ ಖಾತ್ರಿಯಾದ ಮೇಲೆ ಬಸ್‌ ಸ್ಟ್ಯಾಂಡಿನ ಹತ್ತಿರ ಕೂರುವ ಚಪ್ಪಲಿ ಹೊಲಿಯುವವರ ಹತ್ತಿರ ಅಟ್ಟೆಯ ಅಂಚಿಗೆ ಸುತ್ತ ಒಂದು ಹೊಲಿಗೆ ಹಾಕಿಸಿಬಿಡಿ. ಸಣ್ಣ ಖರ್ಚು, ಅಂಟು ಬಿಟ್ಟರೂ ಅಟ್ಟೆ ದಾರಿಯಲ್ಲಿ ಕೈಕೊಡಲ್ಲ. ಹೊಲಿದರೆ ವಾಟರ್‌ಪ್ರೂಫ್ ಗುಣ ಹೋಗುತ್ತೆ ನಿಜ, ಆದರೆ ಅದು ನಮಗೆ ಬೇಡ ಅಂತ ಆಯ್ತಲ್ಲ! ಐನೂರರಿಂದ ಎಂಟುನೂರು ಕಿ.ಮೀ. ನಡೆದ ಮೇಲೆ ಒಳಗಿನ ಮೆತ್ತೆ ಸತ್ತಿರುತ್ತೆ. ಮೇಲ್ಭಾಗ ಹೊಸದರಂತೆ ಕಂಡರೂ ಅದನ್ನು ಅಂಗಳದ ಕೆಲಸಕ್ಕೆ ಇಳಿಸಿ.

ದುಡ್ಡಿನ ಮಾತು

ಎರಡರಿಂದ ನಾಲ್ಕು ಸಾವಿರ ರೂಪಾಯಿಯೊಳಗೆ ನಮ್ಮ ಬೆಟ್ಟಗಳಿಗೆ ಸಾಕಾಗುವ ಶೂ ಸಿಗುತ್ತೆ. ಅದಕ್ಕಿಂತ ಮೇಲೆ ಕೊಡುವುದು ನಿಮ್ಮ ಇಷ್ಟ, ಅಗತ್ಯವೇನಲ್ಲ. ‘ಅಷ್ಟೊಂದಾ!’ ಅನ್ನಿಸಿದರೆ ಮನೆಯ ಚಪ್ಪಲಿ ಸ್ಟ್ಯಾಂಡನ್ನು ಒಮ್ಮೆ ನೋಡಿ. ಯಾರದ್ದು ಎಷ್ಟು ಜೊತೆ ಇದೆ? ನಿಮ್ಮದು ಎಷ್ಟು? ಅದರಲ್ಲಿ ನಿಮಗೆ ಅಂತ ಆರಿಸಿ ತಂದದ್ದೆಷ್ಟು, ಉಳಿದದ್ದನ್ನು ಹಾಕಿಕೊಂಡದ್ದೆಷ್ಟು? ಎಲ್ಲರಿಗೂ ಬಡಿಸಿ ತಳದಲ್ಲಿದ್ದದ್ದನ್ನು ಉಣ್ಣುವ ಅಭ್ಯಾಸವನ್ನು ಕಾಲಿಗೂ ಕಲಿಸಿಬಿಟ್ಟಿದ್ದೇವೆ. ಇದನ್ನು ತ್ಯಾಗ ಅಂತ ಹೊಗಳುವವರಿದ್ದಾರೆ. ನಾನು ಹೊಗಳಲಾರೆ. ಮನೆಯ ಬಜೆಟ್ಟಿನಲ್ಲಿ ನಿಮ್ಮ ಕಾಲಿಗೂ ಒಂದು ಸಾಲು ಇರಲಿ ಅಂತಷ್ಟೇ ನನ್ನ ವಾದ.

ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿಯ ಹೆಸರು ಕೇಳಿದ್ದೀರಾ? ಹನ್ನೊಂದು ಮಕ್ಕಳ ತಾಯಿ, ಗಂಡನ ಹೊಡೆತ ತಿಂದು ಬದುಕಿ ಉಳಿದಾಕೆ. 1955ರಲ್ಲಿ, 67ರ ವಯಸ್ಸಿನಲ್ಲಿ, ‘ಸ್ವಲ್ಪ ನಡೆದು ಬರ್ತೀನಿ’ ಅಂತ ಮಕ್ಕಳಿಗೆ ಹೇಳಿ ಹೊರಟವಳು ಮೂರು ಸಾವಿರ ಕಿ.ಮೀ.ಗೂ ಉದ್ದದ ಅಪಲೇಚಿಯನ್ ಬೆಟ್ಟದ ದಾರಿಯನ್ನು ಒಬ್ಬಳೇ ನಡೆದು ಮುಗಿಸಿದಳು. ಕಾಲಲ್ಲಿದ್ದದ್ದು ಭಾರೀ ಬೂಟಲ್ಲ, ಸಾಧಾರಣ ಕ್ಯಾನ್ವಾಸ್ ಶೂ. ಸವೆದಂತೆ ಸವೆದಂತೆ ಹೊಸದು ಕೊಂಡಳು. ದುಬಾರಿ ಶೂ ಇಲ್ಲದೆಯೂ ಬೆಟ್ಟ ಹತ್ತಬಹುದು ಅನ್ನುವುದಕ್ಕೆ ಅವಳೇ ಸಾಕ್ಷಿ. ಆದರೆ ಅವಳು ಹಾಕಿದ್ದು ತನಗೆ ಆಗಿಬಂದ, ತಾನೇ ಆರಿಸಿದ ಶೂ ಅನ್ನುವುದನ್ನೂ ಮರೆಯಬೇಡಿ.

ಈ ಸಲ ಬೆಟ್ಟದ ಬುಡದಲ್ಲಿ ಬ್ಯಾಗನ್ನು ಮಗನ ಹೆಗಲಿಗೆ ಹಾಕಿ. ನೀವು ಲೇಸು ಬಿಗಿದುಕೊಂಡು ಮುಂದೆ ನಡೆಯಿರಿ. ಏನಂತೀರಾ?

ಹೊರಡುವ ಮುನ್ನ ಗಮನಿಸಿ

* ಹೊಸ ಶೂ ಹಾಕಿ ನೇರ ಬೆಟ್ಟಕ್ಕೆ ಹೋಗಬೇಡಿ. ಎರಡು ವಾರ ಮನೆಯ ಸುತ್ತ, ಪೇಟೆಗೆ ಹಾಕಿ ಓಡಾಡಿ.

* ಹೊರಡುವ ಎರಡು ದಿನ ಮುಂಚೆ ಕಾಲುಗುರು ನೇರವಾಗಿ ಕತ್ತರಿಸಿ.

* ಎಲ್ಲಾದರೂ ಬಿಸಿ ಅನ್ನಿಸಿದ ತಕ್ಷಣ ನಿಂತು ಟೇಪು ಅಂಟಿಸಿ. ಬೊಬ್ಬೆ ಬಂದ ಮೇಲೆ ಅಂಟಿಸಿದರೆ ಅರ್ಧ ಪ್ರಯೋಜನ ಅಷ್ಟೆ.

* ಇಳಿಯುವ ಮುನ್ನ ಲೇಸನ್ನು ಕಣಕಾಲಿನ ಹತ್ತಿರ ಮತ್ತೊಮ್ಮೆ ಬಿಗಿಯಿರಿ. ಬೆರಳಿನ ಹತ್ತಿರ ಸಡಿಲ ಇರಲಿ.

* ಸಕ್ಕರೆ ಕಾಯಿಲೆ ಇದ್ದವರು ಮನೆಗೆ ಬಂದ ಮೇಲೆ ಅಂಗಾಲು, ಬೆರಳ ಸಂದು ಎಲ್ಲವನ್ನೂ ಬೆಳಕಿನಲ್ಲಿ ನೋಡಿಕೊಳ್ಳಿ.

* ಕುಮಾರಪರ್ವತದಂಥ ಕಾಡಿನ ಚಾರಣಕ್ಕೆ ಅರಣ್ಯ ಇಲಾಖೆಯಲ್ಲಿ ಆನ್‌ಲೈನ್ ಮೂಲಕ ಮೊದಲೇ ಹೆಸರು ನೋಂದಾಯಿಸುವ ವ್ಯವಸ್ಥೆ 2024ರಲ್ಲಿ ಬಂದಿದೆ. ಶೂ ಕೊಳ್ಳುವ ಮೊದಲು ಅನುಮತಿ ಸಿಗುವ ದಿನ ನೋಡಿಕೊಳ್ಳಿ!